ಈ ಮಳೆಗಾಲಕ್ಕೆ ದೊಡ್ಡಮ್ಮನಿಗೆ ಯಾವ ‘ಮುಂದಿನ ಕಥೆ’ ಕೊಡಲಿ?

ಪೊನ್ನಂಪೇಟೆ ಕಡೆಯಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಮಾಡಿದವರು. ಆಗ ಓದಿದ ‘ಪ್ರೈಡ್ ಅಂಡ್ ಪ್ರೆಜುಡೀಸ್’, ‘ರೆಬೆಕಾ’, ‘ಗಾನ್ ವಿತ್ ದ ವಿಂಡ್’ ಇವತ್ತಿಗೂ ಅವರ ಮಂಚದ ಪಕ್ಕದಲ್ಲೇ ಇವೆ. ಈಗ ಮೊಣಕಾಲಿನ ಆಪರೇಷನ್ ಆಗಿದೆ, ನಮ್ಮ ಕೊಡವರ ಜೋರು ಮಳೆಯ ತಿಂಗಳು ಕಕ್ಕಡ ಕಳೆಯುವ ತನಕ ಅಂಗಳಕ್ಕೂ ಇಳಿಯುವ ಹಾಗಿಲ್ಲ. ಈ ಮೂರಕ್ಕೂ ಬೇರೆ ಲೇಖಕರು ಆಮೇಲೆ ಮುಂದಿನ ಭಾಗ ಬರೆದಿದ್ದಾರೆ ಅಂತ ಗೊತ್ತಾಯಿತು. ಕೊಡಿಸೋಣ ಅಂದುಕೊಂಡರೆ, ಓದುವ ಹುಚ್ಚಿರುವ ನಮ್ಮ ಅತ್ತಿಗೆ, ‘ಬೇಡ, ಇರೋ ಪ್ರೀತಿನೂ ಹೋಗುತ್ತೆ’ ಅಂದರು. ನಿಮ್ಮಲ್ಲಿ ಓದಿದವರು ಇದ್ದರೆ ಹೇಳಿ. ಯಾವುದು ಕೊಡಬಹುದು, ಯಾವುದು ಬೇಡ?

ವಿರಾಜಪೇಟೆಯಿಂದ, ನಿವೃತ್ತ ಇಂಗ್ಲಿಷ್ ಅಧ್ಯಾಪಕಿ:

ನಿಮ್ಮ ದೊಡ್ಡಮ್ಮನವರ ಮೂರು ಪುಸ್ತಕಗಳ ಹೆಸರು ನೋಡಿಯೇ ಖುಷಿಯಾಯಿತಮ್ಮ. ನಿಮ್ಮ ಅತ್ತಿಗೆ ಹೇಳಿದ್ದರಲ್ಲಿ ಅರ್ಧ ನಿಜ ಇದೆ.

‘ಪ್ರೈಡ್ ಅಂಡ್ ಪ್ರೆಜುಡೀಸ್’ ಬರೆದ ಜೇನ್ ಆಸ್ಟಿನ್ ವಿಷಯ ಮೊದಲು. 1813ರ ಆ ಕಾದಂಬರಿಯ ಕೊನೆಯ ಅಧ್ಯಾಯದಲ್ಲೇ ಎಲ್ಲರೂ ಮುಂದೆ ಏನಾದರು ಅಂತ ಅವರೇ ಹೇಳಿ ಮುಗಿಸಿದ್ದಾರೆ. ತಂಗಿ ಲಿಡಿಯಾ ದುಡ್ಡು ಕೇಳುತ್ತಲೇ ಇರುತ್ತಾಳೆ, ನಾಯಕಿ ಎಲಿಜಬೆತ್ ತನ್ನ ಖರ್ಚಿನಲ್ಲಿ ಉಳಿಸಿ ಕಳಿಸುತ್ತಾಳೆ. ಪುಸ್ತಕದಲ್ಲಿ ಇಲ್ಲದ್ದನ್ನೂ ಆಸ್ಟಿನ್ ತಮ್ಮ ಮನೆಮಕ್ಕಳಿಗೆ ಹೇಳುತ್ತಿದ್ದರಂತೆ. ಇನ್ನಿಬ್ಬರು ತಂಗಿಯರಲ್ಲಿ ಕಿಟ್ಟಿಗೆ ಎಲಿಜಬೆತ್‌ಳ ಗಂಡ ಡಾರ್ಸಿಯ ಎಸ್ಟೇಟ್ ಪೆಂಬರ್ಲಿ ಹತ್ತಿರದ ಒಬ್ಬ ಪಾದ್ರಿಯ ಜೊತೆ ಮದುವೆಯಾಯಿತು, ಮೇರಿಗೆ ಅಮ್ಮನ ಸೋದರಿಯ ಗಂಡ ಫಿಲಿಪ್ಸ್‌ರ ಆಫೀಸಿನ ಗುಮಾಸ್ತನೇ ಗಂಡನಾದ, ಹೀಗೆ. ಅವರ ಅಣ್ಣನ ಮಗ ಬರೆದ ಜೀವನಚರಿತ್ರೆಯಲ್ಲಿ ಇದು ಇದೆ. ಬರೆದವರೇ ಇಷ್ಟೆಲ್ಲ ಹೇಳಿರುವಾಗ ಡಾರ್ಸಿ ದಂಪತಿಗಳ ಸಂಸಾರವನ್ನು ಮತ್ತೊಬ್ಬರು ಬಿಚ್ಚಿಡುವುದಕ್ಕೆ ಬಲವಾದ ಕಾರಣ ಬೇಕು. ಎಮ್ಮಾ ಟೆನೆಂಟ್ ಅವರ ‘ಪೆಂಬರ್ಲಿ’ಯಲ್ಲಿ (1993) ನನಗೆ ಆ ಕಾರಣ ಸಿಗಲಿಲ್ಲ. ಮಕ್ಕಳಾಗಲಿಲ್ಲ ಅಂತ ಎಲಿಜಬೆತ್ ಕೊರಗುತ್ತಾಳೆ, ಸಂಶಯಪಡುತ್ತಾಳೆ. ಮದುವೆಯಾದ ಹೆಣ್ಣಿಗೆ ಅದು ನಿಜವಾದ ಸಂಕಟವೇ, ಅಲ್ಲ ಅನ್ನುವುದಿಲ್ಲ. ಆದರೆ ಡಾರ್ಸಿಯ ದರ್ಪದ ಅತ್ತೆಮ್ಮ ಲೇಡಿ ಕ್ಯಾಥರಿನ್ ಎದುರು ನಿಂತು ಮಾತಾಡಿದ ಹುಡುಗಿಯನ್ನು ನಾನು ಆ ಪುಟಗಳಲ್ಲಿ ಹುಡುಕುತ್ತಲೇ ಇದ್ದೆ.

ಪಿ.ಡಿ. ಜೇಮ್ಸ್ ಅವರ ‘ಡೆತ್ ಕಮ್ಸ್ ಟು ಪೆಂಬರ್ಲಿ’ (2011) ಬೇರೆ ದಾರಿ. ಪತ್ತೇದಾರಿ ಕಾದಂಬರಿಯಲ್ಲಿ ದೊಡ್ಡ ಹೆಸರು ಅವರದು, ಇದು ಬಂದಾಗ ತೊಂಬತ್ತು ದಾಟಿದ್ದರು. ಕಥೆ ನಡೆಯುವುದು 1803ರಲ್ಲಿ. ಮನೆಯಲ್ಲಿ ನೃತ್ಯದ ಔತಣಕ್ಕೆ ತಯಾರಿ ನಡೆದಿರುವಾಗ ಲಿಡಿಯಾ ಗಾಡಿಯಲ್ಲಿ ಕಿರುಚಿಕೊಂಡು ಬರುತ್ತಾಳೆ, ಕಾಡಿನಲ್ಲಿ ಒಂದು ಹೆಣ ಸಿಗುತ್ತದೆ. ನನಗೆ ಹಿಡಿಸಿದ್ದು ಅದರ ವಿನಯ. ಎಲಿಜಬೆತ್‌ಳನ್ನು ಕೊಲೆ ಪ್ರಕರಣಕ್ಕೆ ಎಳೆದು ತಂದದ್ದಕ್ಕೆ ಮುನ್ನುಡಿಯಲ್ಲೇ ಆಸ್ಟಿನ್‌ರ ಕ್ಷಮೆ ಕೇಳುತ್ತಾರೆ. ತಮಗೆ ಬರುವ ಕೆಲಸವನ್ನು ತಮ್ಮ ರೀತಿಯಲ್ಲಿ ಮಾಡಿದ್ದಾರೆ, ಆಸ್ಟಿನ್ ಆಗಲು ಹೋಗಿಲ್ಲ. ಕೋರ್ಟಿನ ಭಾಗ ಮಾತ್ರ ಸ್ವಲ್ಪ ಎಳೆದಂತಿದೆ.

‘ರೆಬೆಕಾ’ಗೆ ಎರಡು ಇವೆ. ಸೂಸನ್ ಹಿಲ್ ಅವರ ‘ಮಿಸೆಸ್ ಡಿ ವಿಂಟರ್’ (1993) ಒಂದು, ಸ್ಯಾಲಿ ಬೋಮನ್ ಅವರ ‘ರೆಬೆಕಾಸ್ ಟೇಲ್’ (2001) ಇನ್ನೊಂದು. ಮೊದಲನೆಯದರಲ್ಲಿ ರೆಬೆಕಾಳ ಗಂಡನಾಗಿದ್ದ ಮ್ಯಾಕ್ಸಿಮ್ ಮತ್ತು ಅವನ ಎರಡನೇ ಹೆಂಡತಿ ವರ್ಷಗಳ ನಂತರ ಇಂಗ್ಲೆಂಡಿಗೆ ವಾಪಸ್ ಬರುತ್ತಾರೆ, ಹಳೆಯದೆಲ್ಲ ಬೆನ್ನು ಹತ್ತುತ್ತದೆ. ಎರಡನೆಯದು ಸತ್ತ ರೆಬೆಕಾಳ ಬಗ್ಗೆಯೇ ಕೇಳುತ್ತದೆ: ಅವಳು ನಿಜವಾಗಿ ಯಾರು? ಮ್ಯಾಕ್ಸಿಮ್ ಹೇಳಿದ್ದನ್ನೇ ನಾವು ಯಾಕೆ ನಂಬಿದೆವು? 1938ರ ಮೂಲ ಓದುವಾಗಲೇ ಈ ಪ್ರಶ್ನೆ ನನ್ನನ್ನು ಕಾಡಿತ್ತು. ಹಾಗಾಗಿ ಬೋಮನ್ ಪುಸ್ತಕಕ್ಕೆ ನನ್ನ ಪೂರ್ಣ ಮತ.

ಮಡಿಕೇರಿಯಿಂದ:

‘ಮಿಸೆಸ್ ಡಿ ವಿಂಟರ್’ ಮಾತ್ರ ಈಗ ಕೊಡಬೇಡಿ ಅಕ್ಕ. ಚೆನ್ನಾಗಿ ಬರೆದಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಪುಸ್ತಕ ಶುರುವಾಗುವುದೇ ಸಾವಿನ ಮನೆಯಿಂದ, ಕೊನೆಯೂ ಭಾರ. ಆಪರೇಷನ್ ಆಗಿ ಮಲಗಿರುವವರಿಗೆ, ಹೊರಗೆ ಸೂರ್ಯ ಕಾಣದ ಜುಲೈನಲ್ಲಿ, ಅದು ಬೇಡವೇ ಬೇಡ. ಬಿಸಿಲು ಬಂದ ಮೇಲೆ ಕೊಡಿ.

ಸಿದ್ದಾಪುರದಿಂದ, ತೋಟ ನೋಡಿಕೊಳ್ಳುವವರು:

ಎಲ್ಲರೂ ಬೈಯುವ ಪುಸ್ತಕದ ಪರವಾಗಿ ನಾನು ಮಾತಾಡುತ್ತೇನೆ. ಅಲೆಕ್ಸಾಂಡ್ರಾ ರಿಪ್ಲಿ ಅವರ ‘ಸ್ಕಾರ್ಲೆಟ್’, 1991. ‘ಗಾನ್ ವಿತ್ ದ ವಿಂಡ್’ ಬರೆದ ಮಾರ್ಗರೆಟ್ ಮಿಚೆಲ್ ತಾವು ಮುಂದಿನ ಭಾಗ ಬರೆಯಲಿಲ್ಲ, 1949ರಲ್ಲಿ ಅಟ್ಲಾಂಟಾದಲ್ಲಿ ರಸ್ತೆ ದಾಟುವಾಗ ಕಾರು ಬಡಿದು ತೀರಿಕೊಂಡರು. ಆಮೇಲೆ ಅವರ ವಾರಸುದಾರರ ಒಪ್ಪಿಗೆಯಿಂದ ರಿಪ್ಲಿ ಬರೆದರು. ವಿಮರ್ಶಕರು ಚೆನ್ನಾಗಿ ಝಾಡಿಸಿದರು, ಜನ ಮುಗಿಬಿದ್ದು ಕೊಂಡರು. ನಾನೂ ಆ ಜನರಲ್ಲಿ ಒಬ್ಬಳು.

ಯಾಕೆ ಅಂದರೆ, ನಾಯಕಿ ಸ್ಕಾರ್ಲೆಟ್‌ಳ ಗಂಡ ರೆಟ್ ಬಾಗಿಲು ದಾಟಿ ಹೋದ ಮೇಲೆ ಏನಾಯಿತು ಅಂತ ನನಗೆ ತಿಳಿಯಲೇಬೇಕಿತ್ತು. ಅಷ್ಟು ದಪ್ಪ ಪುಸ್ತಕ ಓದಿಸಿ ‘ನಾಳೆ ನೋಡೋಣ’ ಅಂತ ನಿಲ್ಲಿಸಿದರೆ ಓದುಗರಿಗೆ ಆಸೆ ಇರುವುದಿಲ್ಲವೇ? ರಿಪ್ಲಿ ಆ ಆಸೆಗೆ ಉತ್ತರ ಕೊಟ್ಟರು. ಕಥೆ ಐರ್ಲೆಂಡಿಗೆ ಹೋಗುತ್ತದೆ, ಅದೇ ತಪ್ಪು ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಇಷ್ಟವಾದದ್ದೇ ಆ ಭಾಗ. ಸ್ಕಾರ್ಲೆಟ್ ಅಪ್ಪನ ಕಡೆಯವರ ಹಳೇ ಭೂಮಿಯನ್ನು ಕೊಂಡು, ಪಾಳು ಬಿದ್ದದ್ದನ್ನು ಎಬ್ಬಿಸಿ, ಕೊನೆಗೆ ಮನೆತನದ ಮುಖ್ಯಸ್ಥೆಯೇ ಆಗುತ್ತಾಳೆ. ‘ದಿ ಓಹಾರಾ’ ಅನ್ನುವುದು ಅವಳ ಪಟ್ಟ. ನಮ್ಮ ಕೊಡವರಲ್ಲಿ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಪಟ್ಟೆದಾರ ಇದ್ದ ಹಾಗೆ ಅಂದುಕೊಳ್ಳಿ, ಆದರೆ ಆ ಜಾಗದಲ್ಲಿ ಹೆಣ್ಣುಮಗಳು. ಯಜಮಾನರು ಹೋದ ಮೇಲೆ ಕಾಫಿ ಕಣದಿಂದ ಬ್ಯಾಂಕಿನ ತನಕ ಒಬ್ಬಳೇ ಓಡಾಡಿದವಳು ನಾನು. ಆ ಪುಟಗಳನ್ನು ಓದುವಾಗ ನನಗೆ ಎಷ್ಟು ಧೈರ್ಯ ಬಂತು ಅಂತ ವಿಮರ್ಶಕರಿಗೆ ಹೇಗೆ ತಿಳಿಯಬೇಕು?

ಮಿಚೆಲ್ ಬರವಣಿಗೆಯ ಬಿಸಿ ಅದರಲ್ಲಿಲ್ಲ, ಒಪ್ಪುತ್ತೇನೆ. ಸ್ಕಾರ್ಲೆಟ್ ಬರಬರುತ್ತಾ ತುಂಬ ಒಳ್ಳೆಯವಳಾಗಿಬಿಡುತ್ತಾಳೆ. ಡೊನಾಲ್ಡ್ ಮೆಕೇಗ್ ಅವರ ‘ರೆಟ್ ಬಟ್ಲರ್ಸ್ ಪೀಪಲ್’ (2007) ಕೂಡ ವಾರಸುದಾರರು ಒಪ್ಪಿದ ಪುಸ್ತಕವೇ. ಭಾಷೆ ಇನ್ನೂ ಗಟ್ಟಿ. ಆದರೆ ರೆಟ್ ಮನಸ್ಸಿನಲ್ಲಿ ಏನಿತ್ತು ಅಂತ ಎಲ್ಲವನ್ನೂ ಹೇಳಿಬಿಟ್ಟರೆ ಆ ಮನುಷ್ಯನಲ್ಲಿ ಏನು ಉಳಿಯಿತು? ಅದು ನನಗೆ ಸೇರಲಿಲ್ಲ.

ಸುಂಟಿಕೊಪ್ಪದಿಂದ:

ಸಿದ್ದಾಪುರದ ಆಂಟಿ, ನೀವು ಬರೆದದ್ದು ಮನಸ್ಸಿಗೆ ತಟ್ಟಿತು. ನಾನು ಹೇಳುವುದು ನಿಮ್ಮ ವಿರುದ್ಧ ಅಂತ ದಯವಿಟ್ಟು ತಿಳಿಯಬೇಡಿ.

ನಾನು ಹುಟ್ಟಿದ್ದು ತೋಟದ ಕೆಲಸಗಾರರ ಲೈನ್ ಮನೆಯಲ್ಲಿ. ಅಮ್ಮ ಇವತ್ತಿಗೂ ಕಾಫಿ ಕುಯ್ಯಲು ಹೋಗುತ್ತಾರೆ. ಡಿಗ್ರಿಯಲ್ಲಿರುವಾಗ ‘ಗಾನ್ ವಿತ್ ದ ವಿಂಡ್’ ಓದಿದೆ. ಸ್ಕಾರ್ಲೆಟ್ ಮನೆಯ ತೋಟ ಟಾರಾದ ಕೆಂಪು ಮಣ್ಣು, ಅದರ ಮೇಲೆ ಸ್ಕಾರ್ಲೆಟ್‌ಗಿದ್ದ ಪ್ರಾಣ, ಎಲ್ಲವೂ ಅರ್ಥವಾಯಿತು, ಏಕೆಂದರೆ ಕೊಡಗಿನಲ್ಲಿ ಬೆಳೆದವರಿಗೆ ತೋಟದ ಮೇಲಿನ ಪ್ರೀತಿ ವಿವರಿಸಬೇಕಾಗಿಲ್ಲ. ಆದರೆ ಆ ಹತ್ತಿ ಬಿಡಿಸಿದವರು ಯಾರು? ಅವರು ಗುಲಾಮರು. ಪುಸ್ತಕ ಅವರನ್ನು ನಗುವುದಕ್ಕೋ, ಸೇವೆಗೋ ಮಾತ್ರ ಕರೆಯುತ್ತದೆ. ಸ್ಕಾರ್ಲೆಟ್‌ಳನ್ನು ಸಾಕಿದ ಮ್ಯಾಮಿಗೆ ಒಂದು ಸ್ವಂತ ಹೆಸರೂ ಸಿಗುವುದಿಲ್ಲ.

ಹಾಗಾಗಿ ನನ್ನ ಪಾಲಿಗೆ ಇದರ ನಿಜವಾದ ಉತ್ತರ ಆಲಿಸ್ ರಾಂಡಲ್ ಅವರ ‘ದ ವಿಂಡ್ ಡನ್ ಗಾನ್’ (2001). ಸಿನಾರಾ ಎಂಬ ಹೆಣ್ಣಿನ ದಿನಚರಿ ಅದು. ಮ್ಯಾಮಿಯ ಮಗಳು, ತಂದೆ ಆ ತೋಟದ ಧಣಿಯೇ. ಅಂದರೆ ಸ್ಕಾರ್ಲೆಟ್‌ಗೆ ಮಲಸಹೋದರಿ! ಮಿಚೆಲ್ ಕಡೆಯವರು ಇದನ್ನು ನಿಲ್ಲಿಸಲು ಕೋರ್ಟಿಗೆ ಹೋದರು, ಮೊದಲು ತಡೆ ಸಿಕ್ಕಿತು, ಮೇಲಿನ ಕೋರ್ಟು ಅದನ್ನು ತೆಗೆದುಹಾಕಿತು. ಪುಸ್ತಕ ಚಿಕ್ಕದು, ಓದುವುದು ಸುಲಭವಲ್ಲ. ಭಾಷೆ ತುಂಡು ತುಂಡು, ಹೆಸರುಗಳನ್ನೆಲ್ಲ ಬದಲಿಸಿದ್ದಾರೆ. ದೊಡ್ಡಮ್ಮನಿಗೆ ಇದು ಹಿಡಿಸದೇ ಇರಬಹುದು.

ಅವರಿಗೆ ಕೊಡಬೇಕಾದದ್ದು ಜೋ ಬೇಕರ್ ಅವರ ‘ಲಾಂಗ್‌ಬರ್ನ್’ (2013). ಎಲಿಜಬೆತ್‌ಳ ತವರಾದ ಬೆನೆಟ್ ಮನೆಯ ಕೆಲಸದ ಹುಡುಗಿ ಸಾರಾಳ ಕಥೆ. ಸರಿಯಾಗಿ ಹೇಳಬೇಕೆಂದರೆ ಇದು ಮುಂದಿನ ಭಾಗವಲ್ಲ, ಅದೇ ದಿನಗಳು, ಅಡುಗೆಮನೆಯ ಕಡೆಯಿಂದ ನೋಡಿದ್ದು. ಮೂಲದಲ್ಲಿ ಎಲಿಜಬೆತ್ ಕೆಸರು ತುಳಿದುಕೊಂಡು ಹೊಲ ದಾಟಿ ಅಕ್ಕನನ್ನು ನೋಡಲು ಹೋಗುತ್ತಾಳೆ, ನಾವೆಲ್ಲ ಅವಳ ಧೈರ್ಯವನ್ನು ಮೆಚ್ಚಿಕೊಳ್ಳುತ್ತೇವೆ. ಇಲ್ಲಿ ಆ ಕೆಸರಾದ ಬಟ್ಟೆಯನ್ನು ಒಗೆಯುವವಳು ಸಾರಾ. ಚಳಿಗೆ ಅವಳ ಕೈ ಒಡೆದಿದೆ. ಇನ್ನೊಂದು ಕಡೆ, ದಿನಗಟ್ಟಲೆ ಮಳೆ ಹಿಡಿದ ಕಾರಣ ನೃತ್ಯಕ್ಕೆ ಬೇಕಾದ ಚಪ್ಪಲಿಯ ಅಲಂಕಾರವನ್ನೂ ಬೇರೆಯವರ ಕೈಯಲ್ಲಿ ತರಿಸಿಕೊಂಡರು ಅಂತ ಆಸ್ಟಿನ್ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಬೇಕರ್ ಆ ಒಂದು ಮಾತನ್ನು ಹಿಡಿದು ನಿಲ್ಲುತ್ತಾರೆ: ಆ ಮಳೆಯಲ್ಲಿ ನೆನೆದುಕೊಂಡು ಹೋದವರು ಯಾರು?

ನಮ್ಮ ಅಮ್ಮ ಇಂಗ್ಲಿಷ್ ಓದುವುದಿಲ್ಲ. ಈ ಕಥೆಯನ್ನು ನಾನೇ ಅವರಿಗೆ ಕನ್ನಡದಲ್ಲಿ ಹೇಳಿದೆ. ಡಾರ್ಸಿ ಯಾರು ಅಂತ ಅವರಿಗೆ ಗೊತ್ತಿಲ್ಲ, ಬೇಕೂ ಆಗಲಿಲ್ಲ. ಸಾರಾಗೆ ಮದುವೆಯಾಯಿತಾ ಅಂತ ಮಾತ್ರ ಎರಡು ದಿನ ಕೇಳುತ್ತಿದ್ದರು. ಪ್ರೇಮಕಥೆಗೆ ಬೇಕಾದದ್ದೆಲ್ಲ ಅದರಲ್ಲಿದೆ.

ಸಿದ್ದಾಪುರದಿಂದ ಮತ್ತೆ:

ಬೇಜಾರೇನೂ ಇಲ್ಲಪ್ಪ. ಮ್ಯಾಮಿಗೆ ಹೆಸರೇ ಇಲ್ಲ ಅನ್ನುವುದು ಇಷ್ಟು ವರ್ಷ ನನ್ನ ಗಮನಕ್ಕೆ ಬಂದಿರಲಿಲ್ಲ. ಆದರೂ ನನ್ನ ಮಾತು ಬಿಡುವುದಿಲ್ಲ. ಸ್ಕಾರ್ಲೆಟ್ ಮುಂದೇನಾದಳು ಅಂತ ಕೇಳುವವರಿಗೆ ಸಿನಾರಾಳ ಕಥೆ ಕೊಟ್ಟರೆ ಅದು ಬೇರೆಯೇ ಪ್ರಶ್ನೆಯ ಉತ್ತರ. ಎರಡೂ ಇರಲಿ. ‘ಲಾಂಗ್‌ಬರ್ನ್’ ನಾನೂ ತರಿಸುತ್ತೇನೆ.

ಕುಶಾಲನಗರದಿಂದ, ಕನ್ನಡ ಮೇಷ್ಟ್ರು:

ಇಂಗ್ಲಿಷ್ ಕಾದಂಬರಿಗಳ ಬಗ್ಗೆ ನಾನು ಹೆಚ್ಚು ಹೇಳಲಾರೆ. ಆದರೆ ಒಬ್ಬರು ಬರೆದು ನಿಲ್ಲಿಸಿದ್ದನ್ನು ಇನ್ನೊಬ್ಬರು ಮುಂದುವರಿಸುವುದು ನಮಗೆ ಹೊಸತಲ್ಲ. ಕುಮಾರವ್ಯಾಸ ಹತ್ತು ಪರ್ವ ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ, ಅದೇ ಭಾಮಿನಿ ಷಟ್ಪದಿಯಲ್ಲಿ. ಶ್ರದ್ಧೆಯ ಕೆಲಸ. ಆದರೂ ಗಮಕಿಗಳ ಬಾಯಲ್ಲಿ ನಾವು ಕೇಳುವುದು ಕುಮಾರವ್ಯಾಸನನ್ನೇ. ಲಕ್ಷ್ಮೀಶನೂ ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕಥೆಯನ್ನೇ ಎತ್ತಿಕೊಂಡ. ಆದರೆ ವಾರ್ಧಕ ಷಟ್ಪದಿ ಹಿಡಿದು ತನ್ನದೇ ದನಿಯಲ್ಲಿ ಹಾಡಿದ. ಸುಧನ್ವ, ಚಂದ್ರಹಾಸರ ಕಥೆ ಹಳ್ಳಿಹಳ್ಳಿಗೂ ಹೋಯಿತು.

ವಿರಾಜಪೇಟೆಯ ಮೇಡಂ ಹೇಳಿದ್ದರಲ್ಲೂ, ಸುಂಟಿಕೊಪ್ಪದ ಹುಡುಗ ಹೇಳಿದ್ದರಲ್ಲೂ ನನಗೆ ಕಂಡದ್ದು ಇದೇ. ಮೂಲದವರ ದನಿಯನ್ನು ಅನುಕರಿಸಿದವರು ಹಿಂದೆ ಬಿದ್ದಿದ್ದಾರೆ. ಮೂಲದಲ್ಲಿ ಮಾತು ಸಿಗದವರಿಗೆ ಮಾತು ಕೊಟ್ಟವರು ಉಳಿದಿದ್ದಾರೆ.

ವಿರಾಜಪೇಟೆಯಿಂದ ಮತ್ತೆ:

ಮೇಷ್ಟ್ರ ಮಾತಿಗೆ ಒಂದು ಸಾಕ್ಷಿ ಸೇರಿಸುತ್ತೇನೆ. ‘ಜೇನ್ ಐರ್’ (1847) ಕಥೆಯಲ್ಲಿ ಅಟ್ಟದ ಮೇಲೆ ಕೂಡಿಹಾಕಿದ ಹುಚ್ಚು ಹೆಂಡತಿ ಬರುತ್ತಾಳಲ್ಲ, ಅವಳ ಹಿಂದಿನ ಬದುಕನ್ನು ಜೀನ್ ರೀಸ್ ‘ವೈಡ್ ಸಾರ್ಗಾಸೊ ಸೀ’ (1966) ಎಂಬ ಕಾದಂಬರಿಯಾಗಿ ಬರೆದರು. ರೀಸ್ ಸ್ವತಃ ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿ ಬೆಳೆದವರು. ಆ ಕಡೆಯ ಹೆಣ್ಣನ್ನು ಮೃಗದ ಹಾಗೆ ತೋರಿಸಿದ್ದನ್ನು ಅವರು ಸಹಿಸಲಿಲ್ಲ. ಆ ಪುಸ್ತಕ ಇವತ್ತು ‘ಜೇನ್ ಐರ್’ ಜೊತೆಜೊತೆಗೇ ಪಾಠಕ್ಕಿದೆ. ಇಂಥ ಪುಸ್ತಕಗಳಲ್ಲಿ ಇದಕ್ಕಿಂತ ಮೇಲಿನದು ನಾನು ಓದಿಲ್ಲ. ಅದನ್ನು ಓದಿದ ಮೇಲೆ ಅವಳನ್ನು ಕೂಡಿಹಾಕಿದ ಗಂಡ, ಜೇನ್ ಪ್ರೀತಿಸುವ ರಾಚೆಸ್ಟರ್ ಮೇಲಿನ ಪ್ರೀತಿ ಮೊದಲಿನಂತೆ ಇರುವುದಿಲ್ಲ, ಅತ್ತಿಗೆ ಹೆದರಿದ್ದು ಇಂಥದ್ದಕ್ಕೇ. ನನಗೆ ಅದು ನಷ್ಟ ಅನ್ನಿಸಲಿಲ್ಲ. ಜೇನ್‌ಳ ಮೇಲಿನ ಗೌರವ ಹೆಚ್ಚೇ ಆಯಿತು.

ಸೋಮವಾರಪೇಟೆಯಿಂದ:

ಏನೇ ತರಿಸಿದರೂ ಮಳೆ ಹಿಡಿಯುವ ಮೊದಲು ತರಿಸಿಬಿಡಿ. ಗುಡ್ಡ ಜರಿದು ರಸ್ತೆ ಮುಚ್ಚಿದರೆ ಪಾರ್ಸಲ್ ಎಲ್ಲೋ ಕೂತಿರುತ್ತದೆ. ವಯಸ್ಸಾದವರಿಗೆ ಪುಟ್ಟ ಅಕ್ಷರದ ಪಾಕೆಟ್ ಪ್ರತಿ ಬೇಡ, ‘ಸ್ಕಾರ್ಲೆಟ್’ ಅಂತೂ ಮಲಗಿಕೊಂಡು ಹಿಡಿಯುವುದಕ್ಕೂ ಭಾರ. ಅಕ್ಷರ ದೊಡ್ಡದು ಮಾಡಿಕೊಳ್ಳುವ ಕಿಂಡಲ್ ಇದ್ದರೆ ಒಳ್ಳೆಯದು, ಕರೆಂಟ್ ಹೋದಾಗಲೂ ಓದಬಹುದು. ಕಾಗದದ ಪುಸ್ತಕವೇ ಬೇಕೆಂದರೆ ಗೋಡೆಗೆ ತಾಗಿಸಿ ಇಡಬೇಡಿ. ನಮ್ಮಲ್ಲಿ ಒಂದೇ ಮಳೆಗಾಲಕ್ಕೆ ಬೂಸ್ಟು ಬಂದುಬಿಡುತ್ತದೆ.

ಪೊನ್ನಂಪೇಟೆ ಕಡೆಯಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಗುಟ್ಟಾಗಿ ಕೊಡೋಣ ಅಂದುಕೊಂಡಿದ್ದೆ, ಅವರ ಮಾತನ್ನೇ ಕೇಳುವುದು ಒಳ್ಳೆಯದು ಅನ್ನಿಸಿತು. ದೊಡ್ಡಮ್ಮನಿಗೆ ಕೊಲೆ ಕಥೆ ಬೇಡವಂತೆ, ಪೆಂಬರ್ಲಿಯಲ್ಲಂತೂ ಬೇಡವೇ ಬೇಡವಂತೆ. ರೆಬೆಕಾ ಬಗ್ಗೆ ಮೇಡಂ ಕೇಳಿದ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ತರಿಸು’ ಅಂದರು. ‘ಲಾಂಗ್‌ಬರ್ನ್’ ಕೂಡ. ಬೆನೆಟ್ ಮನೆಯ ಮೇರಿಯ ಬಗ್ಗೆ ಯಾರೂ ಬರೆದಿಲ್ಲವಾ ಅಂತ ಅವರೇ ಕೇಳುತ್ತಿದ್ದಾರೆ. ಯಾರಿಗಾದರೂ ಗೊತ್ತಾ?

ವಿರಾಜಪೇಟೆಯಿಂದ:

ಇದೆಯಮ್ಮ. ಜಾನಿಸ್ ಹ್ಯಾಡ್ಲೋ ಅವರ ‘ದಿ ಅದರ್ ಬೆನೆಟ್ ಸಿಸ್ಟರ್’, 2020ರದ್ದು. ಎಲ್ಲರೂ ಪಕ್ಕಕ್ಕೆ ತಳ್ಳಿದ ಮೇರಿಯೇ ಅದರ ನಾಯಕಿ. ನಿಧಾನವಾಗಿ ಸಾಗುವ ಪುಸ್ತಕ, ಕೊನೆ ಸಂತೋಷದ್ದು. ಮೊದಲು ಅದನ್ನೇ ಕೊಡಿ.

ಸಿದ್ದಾಪುರದಿಂದ:

‘ಸ್ಕಾರ್ಲೆಟ್’ ಕೊಳ್ಳಬೇಡಿ, ನನ್ನ ಹತ್ತಿರ ದೊಡ್ಡ ಅಕ್ಷರದ ಪ್ರತಿಯೇ ಇದೆ. ಮುಂದಿನ ವಾರ ಗೋಣಿಕೊಪ್ಪಕ್ಕೆ ಬರುತ್ತೇನೆ, ಯಾರನ್ನಾದರೂ ಕಳಿಸಿ. ದೊಡ್ಡಮ್ಮ ಓದಿ ಏನಂದರು ಅಂತ ಮಾತ್ರ ಮರೆಯದೆ ತಿಳಿಸಿ.