ಫ್ಲೂ ಹಾವಳಿ ಬಂದರೆ ಸಣ್ಣ ಆಸ್ಪತ್ರೆಯಲ್ಲಿ ಮೊದಲು ಏನು ಮಾಡಬೇಕು?

ಪ್ರಶ್ನೆ: ಚಿಕ್ಕಮಗಳೂರಿನ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಸಿಸ್ಟರ್ ಇನ್‌ಚಾರ್ಜ್ ಆಗಿದ್ದೇನೆ. ಐಸೊಲೇಷನ್ ವಾರ್ಡ್ ಇಲ್ಲ. 2009ರ ಎಚ್1ಎನ್1 (ಹಂದಿ ಜ್ವರ) ಥರದ್ದು ಮತ್ತೆ ಬಂದರೆ ಯಾವುದಕ್ಕೆ ಮೊದಲು ಕೈ ಹಾಕಬೇಕು? ಇರೋ ದುಡ್ಡನ್ನೆಲ್ಲ ಎನ್95 ಮಾಸ್ಕ್‌ಗೇ ಹಾಕೋಣ ಅಂತಿದ್ದಾರೆ ಇಲ್ಲಿ. ಅನುಭವ ಇದ್ದವರು ಹೇಳಿ.

ಹಾಸನದಿಂದ, ನಿವೃತ್ತ ಸ್ಟಾಫ್ ನರ್ಸ್: ಸಿಸ್ಟರ್, ಎನ್95 ಬೇಕು, ಆದರೆ ಎಲ್ಲರಿಗೂ ಬೇಡ. ಸಕ್ಷನ್ ಮಾಡುವಾಗ (ಕಫ ಎಳೆಯುವಾಗ), ಉಸಿರಾಟದ ಟ್ಯೂಬ್ ಹಾಕುವಾಗ, ನೆಬ್ಯುಲೈಸರ್‌ನಲ್ಲಿ ಔಷಧಿಯ ಹಬೆ ಕೊಡುವಾಗ ಹತ್ತಿರ ನಿಲ್ಲುವವರಿಗೆ ತೆಗೆದಿಡಿ. ಉಳಿದ ಕೆಲಸಕ್ಕೆ ಸರ್ಜಿಕಲ್ ಮಾಸ್ಕ್ ನಡೆಯುತ್ತದೆ. ಆಗೋ ಪೇಷಂಟ್‌ಗಳಿಗೆ ನೆಬ್ಯುಲೈಸರ್ ಬದಲು ಸ್ಪೇಸರ್ (ಇನ್‌ಹೇಲರ್ ಬಾಯಿಗೆ ಸಿಕ್ಕಿಸೋ ಕೊಳವೆ) ಹಾಕಿ ಇನ್‌ಹೇಲರ್ ಕೊಡಿ ಅಂತ ಡಾಕ್ಟರಿಗೆ ಹೇಳಿ ನೋಡಿ.

2009ರಲ್ಲಿ ನಾನು ಡ್ಯೂಟಿಯಲ್ಲಿದ್ದೆ. ಕೆಮ್ಮುವವರು ಓಪಿಡಿ ಸಾಲಿನಲ್ಲಿ ಬಸುರಿಯರ, ಶುಗರ್ ಇದ್ದವರ ಪಕ್ಕದಲ್ಲೇ ನಿಂತಿರುತ್ತಿದ್ದರು. ಚೀಟಿ ಬರೆಯೋ ಕಿಟಕಿಯಲ್ಲೇ "ಕೆಮ್ಮು, ಜ್ವರ ಇದೆಯಾ?" ಅಂತ ಕೇಳಿ, ಮಾಸ್ಕ್ ಕೊಟ್ಟು, ಹೊರಗಿನ ಬೆಂಚಿಗೆ ಕಳಿಸೋಕೆ ಶುರು ಮಾಡಿದ ಮೇಲೆ ಅರ್ಧ ತಲೆನೋವು ಕಡಿಮೆಯಾಯಿತು. ಬೇರೆ ರೂಮ್ ಇಲ್ಲದಿದ್ದರೆ ಫ್ಲೂ ಖಚಿತವಾದವರನ್ನೆಲ್ಲ ಒಂದೇ ಕಡೆ ಹಾಕಿ. ಮಂಚಗಳ ನಡುವೆ ಕನಿಷ್ಠ 1 ಮೀಟರ್ ಬಿಡಿ.

ಇನ್ನು ನೆಂಟರು! ಆಲೂರಿನಿಂದ ಒಬ್ಬ ಪೇಷಂಟ್ ಬಂದರೆ ಹಿಂದೆಯೇ ಗಂಜಿ ಫ್ಲಾಸ್ಕು, ಬ್ರೆಡ್ಡು, ಅರ್ಧ ಊರು. ಬರಬೇಡಿ ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ. ಒಬ್ಬರಿಗೆ ಮಾತ್ರ ಪಾಸ್ ಕೊಡಿ, ಅವರೂ ಗಟ್ಟಿಮುಟ್ಟಾಗಿರಲಿ. ಅತ್ತೆ ನೋಡಿಕೊಳ್ಳೋಕೆ ಬಸುರಿ ಸೊಸೆ ಬೇಡವೇ ಬೇಡ. ಎಚ್1ಎನ್1 ಬಸುರಿಯರನ್ನು ಜಾಸ್ತಿ ಕಾಡಿತ್ತು.

ಗ್ಲೌಸ್ ಬಗ್ಗೆ ಒಂದು ಮಾತು. ಅದೇ ಗ್ಲೌಸ್‌ನಲ್ಲಿ ಬಿಪಿ ಪಟ್ಟಿ ಕಟ್ಟಿ, ಕೇಸ್ ಶೀಟ್ ಬರೆದು, ಕಿವಿಗೆ ಫೋನ್ ಇಟ್ಟುಕೊಂಡು ಪಕ್ಕದ ಬೆಡ್‌ಗೆ ಹೋಗುವವರನ್ನು ನೋಡಿದ್ದೇನೆ. ಅದಕ್ಕಿಂತ ಬರಿಗೈಯೇ ವಾಸಿ. ಪ್ರತಿ ಮಂಚದ ಕಾಲ ಬಳಿ ಹ್ಯಾಂಡ್ ರಬ್ ನೇತುಹಾಕಿ. 20ರಿಂದ 30 ಸೆಕೆಂಡ್ ಉಜ್ಜಬೇಕು. ಸೋಪಾದರೆ 40ರಿಂದ 60.

ಮೂಡಿಗೆರೆಯಿಂದ, ಹೌಸ್‌ಕೀಪಿಂಗ್ ಸೂಪರ್‌ವೈಸರ್: ಅಕ್ಕ ಹೇಳಿದ್ದು ಸರಿ. ನಮ್ಮ ಕಡೆ ಮಳೆಗಾಲದಲ್ಲಿ ಥಂಡಿ ಅಂತ ಕಿಟಕಿ ಎಲ್ಲ ಮುಚ್ಚಿಬಿಡುತ್ತಾರೆ, ಅಲ್ವಾ? ಎದುರುಬದುರು ಕಿಟಕಿ ಸ್ವಲ್ಪವಾದರೂ ತೆರೆದಿಡಿ. ಪೇಷಂಟ್‌ಗೆ ಇನ್ನೊಂದು ಕಂಬಳಿ ಕೊಟ್ಟರಾಯಿತು. ಒಣ ಪೊರಕೆ ಬೇಡ, ಒದ್ದೆ ಮಾಪ್ ಹಾಕಿ. ಮಂಚದ ಕಂಬಿ, ಲಾಕರ್, ಸ್ವಿಚ್, ನಲ್ಲಿ ಮರೆಯಬೇಡಿ. ಸ್ಟೀಲು, ಪ್ಲಾಸ್ಟಿಕ್ ಮೇಲೆ ಈ ವೈರಸ್ ಒಂದೆರಡು ದಿನ ಉಳಿಯಬಲ್ಲದು. ಮೊದಲು ಸೋಪಿನ ನೀರು, ಆಮೇಲೆ ಹೈಪೋ (ಬ್ಲೀಚ್ ದ್ರಾವಣ). ಹೈಪೋ ಆಯಾ ದಿನವೇ ಕಲಸಿಕೊಳ್ಳಿ, ನಿನ್ನೆಯದು ಸುಮ್ನೆ ವಾಸನೆಗಷ್ಟೇ. ಕಬ್ಬಿಣಕ್ಕೆ ಬಳಸಿದರೆ ಆಮೇಲೆ ನೀರಲ್ಲಿ ಒರೆಸಿ, ಇಲ್ಲವಾದರೆ ತುಕ್ಕು.

ಹಾಸನದ ಒಬ್ಬ ವೈದ್ಯ: ಸ್ಟಾಫ್‌ಗೆ ವರ್ಷವರ್ಷ ಫ್ಲೂ ಲಸಿಕೆ ಹಾಕಿಸಿ. ಜ್ವರ ಬಂದ ಸಿಸ್ಟರ್‌ಗೆ ಸಂಬಳ ಕಡಿಯದೆ ರಜೆ ಕೊಡಿ. ಸಂಬಳ ಕಡಿದರೆ ಮಾತ್ರೆ ನುಂಗಿಕೊಂಡು ಡ್ಯೂಟಿಗೆ ಬರುತ್ತಾರೆ, ಅಷ್ಟೇ. ಸೀರಿಯಸ್ ಇರುವವರಿಗೆ ರಿಪೋರ್ಟ್ ಬರಲಿ ಅಂತ ಕಾಯದೆ ಫ್ಲೂ ವೈರಸ್‌ಗೆ ಕೊಡುವ ಔಷಧಿ ಒಸೆಲ್ಟಾಮಿವಿರ್ ಶುರು ಮಾಡಬೇಕು. ಕಾಯಿಲೆ ಶುರುವಾದ 48 ಗಂಟೆಯೊಳಗೆ ಆದರೆ ಒಳ್ಳೆಯದು.