ಮಗುವಿನ ಗುಂಗುರು ಕೂದಲು: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ದೊಡ್ಡಮ್ಮ: [ಫಾರ್ವರ್ಡ್ ಆದ ಚಿತ್ರ] ‘ಏಷ್ಯಾದವರ ಕೂದಲು ಜಗತ್ತಿನಲ್ಲೇ ಅತ್ಯಂತ ದಪ್ಪ, ಸಹಜವಾಗಿಯೇ ನೇರ. ಗುಂಗುರಾದರೆ ಅದು ಪೋಷಣೆಯ ಕೊರತೆ.’

ದೊಡ್ಡಮ್ಮ: ನೋಡು, ನಾನು ಹೇಳುತ್ತಲೇ ಇದ್ದೆ. ಮಗುವನ್ನು ಪಾರ್ಲರ್‌ಗೆ ಕರೆದುಕೊಂಡು ಹೋಗಿ ಒಮ್ಮೆ ನೇರ ಮಾಡಿಸಿಬಿಡು.

ನಾನು: ದೊಡ್ಡಮ್ಮ, ಇದನ್ನು ಅವಳು ನನ್ನ ಮೊಬೈಲ್‌ನಲ್ಲಿ ಓದಿದಳು. ‘ನಾನು ಸರಿಯಾಗಿ ಊಟ ಮಾಡದೆ ಹೀಗಾಯಿತೇ’ ಎಂದು ಕೇಳುತ್ತಿದ್ದಾಳೆ. ಒಂಬತ್ತು ವರ್ಷದ ಹುಡುಗಿಗೆ ಏನೆಂದು ಉತ್ತರಿಸಲಿ?

ಚಿಕ್ಕಪ್ಪ: ಕೋಪ ಬೇಡಮ್ಮ. ಚಿತ್ರದಲ್ಲಿರುವುದು ಪೂರ್ತಿ ಸುಳ್ಳಲ್ಲ. ಏಷ್ಯಾದವರ ಕೂದಲನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆ ದುಂಡಗೆ ಕಾಣುತ್ತದೆ. ದಪ್ಪವೂ ಹೆಚ್ಚು.

ನಾನು: ಅದನ್ನು ಒಪ್ಪುತ್ತೇನೆ ಚಿಕ್ಕಪ್ಪ. ಆದರೆ ಅದು ಚೀನಾ, ಜಪಾನ್, ಕೊರಿಯಾದಂಥ ಪೂರ್ವ ಏಷ್ಯಾದವರ ಮಾತು. ಅವರಲ್ಲಿ ಎಳೆಯ ದಪ್ಪ ಸಾಮಾನ್ಯವಾಗಿ 0.08ರಿಂದ 0.12 ಮಿಲಿಮೀಟರ್. ಇಡಿಎಆರ್ ಎಂಬ ಜೀನಿನ ಒಂದು ರೂಪಾಂತರ ಅದಕ್ಕೆ ದೊಡ್ಡ ಕಾರಣ. 2013ರಲ್ಲಿ ವಿಜ್ಞಾನಿಗಳು ಅದೇ ರೂಪಾಂತರವನ್ನು ಇಲಿಗಳಿಗೆ ಸೇರಿಸಿದಾಗ ಅವುಗಳ ರೋಮವೂ ದಪ್ಪವಾಯಿತು, ಬೆವರಿನ ಗ್ರಂಥಿಗಳೂ ಹೆಚ್ಚಿದವು. ಆ ರೂಪಾಂತರ ದಕ್ಷಿಣ ಏಷ್ಯಾದ ಹೆಚ್ಚಿನವರಲ್ಲಿ ಇಲ್ಲ. ಇಷ್ಟು ದೊಡ್ಡ ಖಂಡಕ್ಕೆ ಒಂದೇ ತಲೆಗೂದಲು ಎಂದರೆ ಹೇಗೆ?

ಅಣ್ಣ: ಹಾಗಾದರೆ ಅವರ ಕೂದಲು ನಮ್ಮದಕ್ಕಿಂತ ಉತ್ತಮ ಎಂದಾಯಿತಲ್ಲವೇ?

ನಾನು: ಇಲ್ಲ ಅಣ್ಣ. ಎಳೆ ದಪ್ಪವಿದ್ದರೂ ಯುರೋಪಿನವರಿಗೆ ಹೋಲಿಸಿದರೆ ಪೂರ್ವ ಏಷ್ಯಾದವರ ತಲೆಯಲ್ಲಿ ಎಳೆಗಳ ದಟ್ಟಣೆ ಕಡಿಮೆ. ಎಲ್ಲರ ಕೂದಲೂ ಕೆರಾಟಿನ್ ಎಂಬ ಪ್ರೋಟೀನಿನಿಂದಲೇ ಆಗಿದೆ. ವ್ಯತ್ಯಾಸವಿರುವುದು ಆಕಾರದಲ್ಲಿ. ಚರ್ಮದೊಳಗೆ ಕೂದಲು ಹುಟ್ಟುವ ಕುಳಿ ನೆಟ್ಟಗಿದ್ದರೆ ಎಳೆ ನೆಟ್ಟಗೆ ಬರುತ್ತದೆ, ಬಾಗಿದ್ದರೆ ಸುರುಳಿಯಾಗಿ ಬರುತ್ತದೆ. ನನ್ನ ಮಗಳು ಆ ಬಾಗನ್ನು ಹೊತ್ತುಕೊಂಡೇ ಹುಟ್ಟಿದ್ದಾಳೆ. ಊಟಕ್ಕೂ ಅದಕ್ಕೂ ಸಂಬಂಧವಿಲ್ಲ.

ದೊಡ್ಡಮ್ಮ: ಇರಬಹುದು. ಆದರೆ ಬಾಚುವಾಗ ಮಗು ಅಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಸಂಕಟ ನೋಡಲಾರದೆ ಹೇಳಿದೆ, ಅವಳ ಅಂದಕ್ಕಾಗಿ ಅಲ್ಲ.

ನಾನು: ಅದು ನನಗೆ ಗೊತ್ತು ದೊಡ್ಡಮ್ಮ. ನೀವು ಹೀಗೆ ಹೇಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಆದರೆ ನೇರ ಮಾಡುವ ರಾಸಾಯನಿಕ ಕೆರಾಟಿನ್ನಿನ ಒಳಗಿನ ಗಂಧಕದ ಬಂಧಗಳನ್ನೇ ಮುರಿಯುತ್ತದೆ. ಎಳೆ ಸೊರಗುತ್ತದೆ. ಕುಳಿಯ ಬಾಗು ಮಾತ್ರ ಹಾಗೆಯೇ ಇರುತ್ತದೆ, ಆದ್ದರಿಂದ ಹೊಸ ಕೂದಲು ಬುಡದಿಂದ ಮತ್ತೆ ಗುಂಗುರಾಗಿಯೇ ಬರುತ್ತದೆ. ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯಿತೆಂದುಕೊಳ್ಳಿ, ವರ್ಷದೊಳಗೆ ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಬೇಕು.

ಚಿಕ್ಕಪ್ಪ: ಸಿಕ್ಕಾಗುವುದಕ್ಕೆ ಪರಿಹಾರವೇನು?

ನಾನು: ನೆತ್ತಿಯ ಜಿಡ್ಡು ಸುರುಳಿಯ ತುದಿಯವರೆಗೆ ಸುಲಭವಾಗಿ ಇಳಿಯುವುದಿಲ್ಲ. ಅದರಿಂದ ತುದಿ ಒಣಗುತ್ತದೆ, ಎಳೆಗೆ ಎಳೆ ತೊಡರುತ್ತದೆ. ಒಣ ತಲೆಯನ್ನು ಬುಡದಿಂದ ಎಳೆದು ಬಾಚುತ್ತಿದ್ದವಳು ನಾನೇ, ಅವಳು ಅತ್ತದ್ದು ಅದಕ್ಕೆ. ಈಗ ಕಂಡಿಷನರ್ ಹಚ್ಚಿ, ಕೂದಲು ಒದ್ದೆಯಿರುವಾಗಲೇ ತುದಿಯಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತೇನೆ. ಈ ವಾರ ಒಮ್ಮೆಯೂ ಅಳಲಿಲ್ಲ.

ದೊಡ್ಡಮ್ಮ: ಹಲ್ಲು ಅಗಲವಿರುವ ಬಾಚಣಿಗೆ ಇದೆಯೇ? ಇಲ್ಲದಿದ್ದರೆ ನಾನು ತರುತ್ತೇನೆ. ಚಿತ್ರವನ್ನು ಮಾತ್ರ ಅಳಿಸುವುದಿಲ್ಲ. ಒಂದಿಷ್ಟು ಸರಿಯಿದೆಯೆಂದು ನೀನೇ ಒಪ್ಪಿದೆಯಲ್ಲ.

ನಾನು: ಕೊನೆಯ ಸಾಲನ್ನಾದರೂ ಕತ್ತರಿಸಿ ಮತ್ತೆ ಕಳುಹಿಸಿ ದೊಡ್ಡಮ್ಮ. ಅವಳಿಗೆ ಓದಲು ಬರುತ್ತದೆ.