ಗದ್ದರ್ ಅವರ ಹಾಡುಗಳನ್ನು ಕನ್ನಡದಲ್ಲಿ ಹಾಡುವುದು ಹೇಗೆ?

ಪ್ರಶ್ನೆ: ರಾಯಚೂರು ಜಿಲ್ಲೆಯ ಒಬ್ಬ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ತೆಲಂಗಾಣದ ಹಾಡುಗಾರ ಗದ್ದರ್ 2023ರ ಆಗಸ್ಟ್ 6ರಂದು ಹೈದರಾಬಾದಿನಲ್ಲಿ ತೀರಿಕೊಂಡಾಗ ನಮ್ಮ ಗಡಿ ಊರಿನ ಚಹಾದಂಗಡಿಯಲ್ಲಿ ಕತ್ತಲಾಗುವವರೆಗೂ ಅವರ ಹಾಡುಗಳೇ ಕೇಳುತ್ತಿದ್ದವು. ತೆಲುಗಿನ ಒಂದಕ್ಷರವನ್ನೂ ಓದಲಾರದ ಹಮಾಲರು ಪಲ್ಲವಿ ಬಂದಾಗಲೆಲ್ಲ ದನಿಗೂಡಿಸುತ್ತಿದ್ದರು. ಅವರ ನೆನಪಿಗೆ ಶಾಲೆಯ ಅಂಗಳದಲ್ಲಿ ಒಂದು ಸಂಜೆ ಹಾಡಬೇಕೆಂದು ಗೆಳೆಯರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ನಾನು ಎರಡು ಹಾಡುಗಳನ್ನು ಕನ್ನಡಕ್ಕೆ ತಂದು ನೋಡಿದೆ. ಅರ್ಥವೇನೋ ಪೂರ್ತಿಯಾಗಿ ಬಂತು, ಆದರೆ ಹಾಡಲು ಕುಳಿತಾಗ ನಾಲಿಗೆ ಹೊರಳಲಿಲ್ಲ. ತೆಲುಗಿನಲ್ಲಿಯೇ ಹಾಡುವುದು ಒಳ್ಳೆಯದೋ, ಕನ್ನಡಕ್ಕೆ ತರುವುದಾದರೆ ಯಾವ ದಾರಿ ಹಿಡಿಯಬೇಕೋ, ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಬೀದರಿನಿಂದ

ಗುರುಗಳೇ, ಅರ್ಥವನ್ನು ಮೊದಲು ಹಿಡಿಯಲು ಹೋಗಿದ್ದರಿಂದಲೇ ನಿಮಗೆ ತೊಡಕಾಗಿರಬೇಕು. 1995ರ ‘ಒರೇಯ್ ರಿಕ್ಷಾ’ ಚಿತ್ರಕ್ಕೆ ಅವರು ಬರೆದ, ಅಣ್ಣನೊಬ್ಬ ತಂಗಿಗೆ ಹೇಳಿಕೊಳ್ಳುವ ಹಾಡನ್ನು ತೆಗೆದುಕೊಳ್ಳಿ. ಮಲ್ಲಿಗೆಯ ಬಳ್ಳಿಗೆ ಚಪ್ಪರವಿದ್ದಂತೆ ನಿನಗಿರುತ್ತೇನೆ, ನಿನ್ನ ಪಾದದ ಮೇಲಿನ ಮಚ್ಚೆಯಾಗಿ ಒಡಹುಟ್ಟಿದ ಋಣ ತೀರಿಸುತ್ತೇನೆ ಎಂಬುದು ಅದರ ಭಾವ. ತೆಲುಗಿನ ‘ಪಂದಿರಿ’ ನಮ್ಮಲ್ಲಿ ‘ಹಂದರ’, ‘ಪುಟ್ಟುಮಚ್ಚ’ ನಮ್ಮಲ್ಲಿ ‘ಹುಟ್ಟುಮಚ್ಚೆ’. ಹಳಗನ್ನಡದ ಪಕಾರವು ಹಕಾರವಾದ ದಾರಿಯಲ್ಲಿಯೇ ಅರ್ಧ ಹಾಡು ತಾನಾಗಿ ಕನ್ನಡಕ್ಕೆ ನಡೆದು ಬರುತ್ತದೆ. ನೀವು ‘ಚಪ್ಪರ’ ಎಂದು ಬರೆದಿದ್ದರೆ ಅದನ್ನು ಅಳಿಸಿ ‘ಹಂದರ’ ಎಂದು ಹಾಡಿ ನೋಡಿ. ಮದುವೆಯ ಮನೆಯ ಮುಂದೆ ಹಂದರ ಹಾಕುವ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಆ ಒಂದು ಮಾತಿನಿಂದಲೇ ತವರು, ಅಣ್ಣ, ಅಗಲಿಕೆ ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಈ ಹಾಡಿಗೆ ಬಂದ, ಆಂಧ್ರ ಸರ್ಕಾರ ಚಲನಚಿತ್ರಗಳಿಗೆ ಕೊಡುತ್ತಿದ್ದ ನಂದಿ ಪ್ರಶಸ್ತಿಯನ್ನು ಅವರು ಸ್ವೀಕರಿಸಲಿಲ್ಲ. ಮುಂದೆ ಅದೇ ಪ್ರಶಸ್ತಿಗಳ ಜಾಗದಲ್ಲಿ ತೆಲಂಗಾಣ ಸರ್ಕಾರ ಅವರ ಹೆಸರಿನ ಪ್ರಶಸ್ತಿಗಳನ್ನು ತಂದಿತು.

ಉತ್ತರ 2: ಬೀದಿನಾಟಕದ ತಂಡವೊಂದರ ಹಳೆಯ ಸದಸ್ಯ

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ಕಾಲಲ್ಲಿ ಗೆಜ್ಜೆ ಇಟ್ಟುಕೊಂಡು ನಿಲ್ಲುತ್ತಿದ್ದ ಗದ್ದರ್ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಹಾಡಿ ಮುಗಿಸುತ್ತಿರಲಿಲ್ಲ. ಒಂದು ಚರಣ ಹಾಡಿ, ನಿಲ್ಲಿಸಿ, ಎದುರಿಗಿದ್ದವರೊಡನೆ ಮಾತಿಗಿಳಿದು, ಆ ಮಾತು ಬಿಸಿಯೇರಿದಾಗ ಮತ್ತೆ ಪಲ್ಲವಿಗೆ ಜಿಗಿಯುತ್ತಿದ್ದರು. ಅವರ ತಂಡವಾದ ಜನನಾಟ್ಯ ಮಂಡಳಿಯ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಿದ್ದರು. ತೆಲುಗು ಸೀಮೆಯ ಹಾಡುಗತೆಯಾದ ಬುರ್ರಕಥೆಯಲ್ಲಿ ಕಥೆ ಹೇಳುವವನಿಗೂ ಜೊತೆಗಾರರಿಗೂ ನಡೆಯುವ ಕೊಡುಕೊಳ್ಳುವಿಕೆಯೇ ಇದರ ಮೂಲ. ಆದ್ದರಿಂದ ಮೈಕಿನ ಮುಂದೆ ಸಾಲಾಗಿ ನಿಂತು, ಹಾರ್ಮೋನಿಯಂ ಇಟ್ಟು, ಕಾಗದ ನೋಡಿಕೊಂಡು ಹಾಡಬೇಡಿರೆಂದು ಕೈಮುಗಿದು ಕೇಳುತ್ತೇನೆ. ಅವರು ನೆಚ್ಚಿದ್ದ ಡಪ್ಪು ನಿಮ್ಮೂರಿನಲ್ಲಿ ಹಲಗೆಯಾಗಿ ಇದ್ದೇ ಇದೆ. ಹಲಗೆ ಬಾರಿಸುವವರನ್ನು ಮೊದಲು ಕರೆಸಿರಿ, ಅವರ ಪೆಟ್ಟಿಗೆ ಹೊಂದುವಂತೆ ಸಾಲುಗಳನ್ನು ಕೂಡಿಸಿಕೊಳ್ಳಿರಿ.

ಉತ್ತರ 3: ಕಲಬುರಗಿಯ ಓದುಗರು

ನನ್ನದು ಸ್ವಲ್ಪ ಬೇರೆ ಮಾತು. ಮೆದಕ್ ಜಿಲ್ಲೆಯ ತೂಪ್ರಾನಿನ ದಲಿತ ಕುಟುಂಬದಲ್ಲಿ ಗುಮ್ಮಡಿ ವಿಠ್ಠಲ ರಾವ್ ಆಗಿ ಹುಟ್ಟಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನಲ್ಲಿ ಕೆಲವು ವರ್ಷ ಗುಮಾಸ್ತರಾಗಿದ್ದು, ಆ ನೌಕರಿ ಬಿಟ್ಟು ಹಾಡಿಗಾಗಿಯೇ ಬದುಕಿದವರು ಅವರು. ನಕ್ಸಲ್ ಚಳವಳಿಯಲ್ಲಿ ಭೂಗತರಾಗಿದ್ದು 1990ರಲ್ಲಿ ಹೊರಬಂದರು. 1997ರ ಏಪ್ರಿಲ್ 6ರಂದು ಮನೆಯಲ್ಲಿಯೇ ಅವರ ಮೇಲೆ ಗುಂಡು ಹಾರಿಸಲಾಯಿತು. ತೆಗೆದರೆ ಜೀವಕ್ಕೆ ಅಪಾಯವೆಂದು ವೈದ್ಯರು ಬಿಟ್ಟ ಒಂದು ಗುಂಡು ಬೆನ್ನುಹುರಿಯ ಬಳಿ ಕೊನೆಯವರೆಗೂ ಉಳಿದಿತ್ತು. ಬಂದೂಕಿನ ಹಾದಿಯನ್ನು ಅವರು ಹಾಡಿ ಹೊಗಳಿದ ಕಾಲವೂ ಇತ್ತು, 2018ರಲ್ಲಿ ಮೊದಲ ಬಾರಿಗೆ ಮತ ಹಾಕಿದ ದಿನವೂ ಇತ್ತು. ಆ ಹಾದಿಯನ್ನು ನಾನು ಎಂದೂ ಒಪ್ಪಿದವನಲ್ಲ, ಆದರೂ ಅವರ ಹಾಡು ಕೇಳಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ನೆನಪಿನ ಸಂಜೆಯೆಂದು ತಂಗಿಯ ಹಾಡನ್ನಷ್ಟೇ ಇಟ್ಟುಕೊಂಡು ಸಿಟ್ಟಿನ ಹಾಡುಗಳನ್ನು ಬದಿಗಿಟ್ಟರೆ, ನಾವು ನೆನೆಯುವವರು ಗದ್ದರ್ ಆಗಿರುವುದಿಲ್ಲ. ‘ಮಾ ಭೂಮಿ’ ಚಿತ್ರದಲ್ಲಿ ಅವರೇ ತೆರೆಯ ಮೇಲೆ ಬಂದು ಹಾಡಿದ, ಹೈದರಾಬಾದಿನ ನಿಜಾಮನ ಸರ್ಕಾರವನ್ನು ಎದುರು ನಿಂತು ಕೇಳುವ ಹಾಡನ್ನು ದಯವಿಟ್ಟು ಸೇರಿಸಿಕೊಳ್ಳಿರಿ. ಅದನ್ನು ಬರೆದವರು ಯಾದಗಿರಿ, ಗದ್ದರ್ ಅಲ್ಲ ಎಂಬುದನ್ನೂ ಸಭೆಯಲ್ಲಿ ಹೇಳಿರಿ. ನಮ್ಮ ಕಲಬುರಗಿ, ಬೀದರ, ರಾಯಚೂರು ಕೂಡ 1948ರವರೆಗೆ ಅದೇ ನಿಜಾಮನ ಆಳ್ವಿಕೆಯಲ್ಲಿದ್ದವು; ಆ ಹಾಡನ್ನು ಅನುವಾದಿಸುವ ಅಗತ್ಯವೇ ನಿಮ್ಮ ಊರಿಗೆ ಬೀಳಲಾರದು.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಮನಸಾರೆ ಧನ್ಯವಾದಗಳು. ನಿಜಾಮನ ಹಾಡನ್ನು ತೆಲುಗಿನಲ್ಲಿಯೇ ಉಳಿಸಿಕೊಂಡೆವು, ಹಲಗೆಯವರು ಬರಲು ಒಪ್ಪಿದ್ದಾರೆ. ತಂಗಿಯ ಹಾಡನ್ನು ನಿನ್ನೆ ಬಿಸಿಯೂಟ ಮುಗಿದ ಮೇಲೆ ನಮ್ಮ ಅಡುಗೆಯ ಅಕ್ಕನವರ ಮುಂದೆ ಹಾಡಿ ತೋರಿಸಿದೆ. ಸೋಬಾನೆ ಪದಗಳನ್ನು ಹಾಡುವ ಅವರು ಪಾತ್ರೆ ಕೆಳಗಿಟ್ಟು ಕೇಳಿ, ‘ಹಂದರ’ದ ಮೊದಲ ಅಕ್ಷರವನ್ನು ನಾನು ಬೇಗನೆ ಬಿಡುತ್ತಿದ್ದೇನೆಂದು ಹೇಳಿ, ಅದನ್ನು ಎಳೆದು ತಾವೇ ಹಾಡಿದರು. ಆ ಹಾಡನ್ನು ಅವರೇ ಹಾಡಲಿದ್ದಾರೆ.